ಅಪ್ಪನ ಲ್ಯಾಪ್‌ಟಾಪಿಗೆ ವೈಫೈ ಸಿಗದ ಕಥೆ, ಮತ್ತು ಅದರ ಹಿಂದಿನ ಐವತ್ತು ವರ್ಷ

ಕಳೆದ ಜೂನ್ ತಿಂಗಳಲ್ಲಿ ನಮ್ಮ ತಂದೆಯವರು ಶಿವಮೊಗ್ಗದಿಂದ ಸಿಡ್ನಿಗೆ ಬಂದರು. ಅಮ್ಮ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ ಇರುವುದು ಬೇಡವೆಂದು ನಾನೂ ಅಮೆರಿಕದಲ್ಲಿರುವ ಅಣ್ಣನೂ ಒಂದು ವರ್ಷದಿಂದ ಹೇಳುತ್ತಲೇ ಇದ್ದೆವು. ಅವರಿಗೀಗ ಎಪ್ಪತ್ತೊಂಬತ್ತು. ಸೂಟ್‌ಕೇಸಿನಲ್ಲಿ ಬಟ್ಟೆ, ಔಷಧಿ, ಏರ್‌ಪೋರ್ಟಿನಲ್ಲಿ ಡಿಕ್ಲೇರ್ ಮಾಡಿ ಪಾರು ಮಾಡಿದ ಉಪ್ಪಿನಕಾಯಿ. ಕೈಚೀಲದಲ್ಲಿ, ಹಳೆಯ ಶಾಲಿನಲ್ಲಿ ಸುತ್ತಿದ ಒಂದು ಲ್ಯಾಪ್‌ಟಾಪು. ಅದು 2012ರಲ್ಲಿ ಅಣ್ಣ ಅಮೆರಿಕದಿಂದ ತಂದುಕೊಟ್ಟದ್ದು.

ಆ ಲ್ಯಾಪ್‌ಟಾಪಿನಲ್ಲಿ ಏನಿದೆ ಎಂಬುದನ್ನು ಮೊದಲು ಹೇಳಬೇಕು. ಅಪ್ಪ ಗಮಕ ಗೋಷ್ಠಿಗಳಲ್ಲಿ ವ್ಯಾಖ್ಯಾನ ಮಾಡುವವರು. ಕೋವಿಡ್ ಕಾಲದಿಂದ ಅವರ ಬಳಗದ ಎಂಟು ಮಂದಿ ಭಾನುವಾರ ಬೆಳಗ್ಗೆ ಹತ್ತಕ್ಕೆ ವೀಡಿಯೋ ಕರೆಯಲ್ಲಿ ಸೇರಿ ಕುಮಾರವ್ಯಾಸ ಭಾರತವನ್ನು ಕ್ರಮವಾಗಿ ಓದುತ್ತಾರೆ. ಒಬ್ಬರು ವಾಚನ ಮಾಡಿದರೆ ಅಪ್ಪ ಅರ್ಥ ಹೇಳುತ್ತಾರೆ. ಅದಕ್ಕೆ ಬೇಕಾದ ಪದಚ್ಛೇದ, ಟಿಪ್ಪಣಿ ಎಲ್ಲವನ್ನೂ ಅವರು ನುಡಿ ತಂತ್ರಾಂಶದಲ್ಲಿ ತಾವೇ ಟೈಪು ಮಾಡಿ ಇಟ್ಟುಕೊಂಡಿದ್ದಾರೆ. ನಮ್ಮ ಗಡಿಯಾರದಲ್ಲಿ ಆ ಹೊತ್ತು ಮಧ್ಯಾಹ್ನ ಎರಡೂವರೆ.

ಬಂದ ಮೊದಲ ಭಾನುವಾರವೇ ಲ್ಯಾಪ್‌ಟಾಪು ತೆರೆದರೆ ವೈಫೈ ಇಲ್ಲ. ಸಿಗ್ನಲ್ ಕಡಿಮೆ ಎಂದಲ್ಲ, ವೈಫೈ ಚಿಹ್ನೆಯೇ ಇಲ್ಲ. ಸಕ್ಕರೆ ಡಬ್ಬಕ್ಕೆ ಫೋನನ್ನು ಒರಗಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪಿನ ಟಿಪ್ಪಣಿ ನೋಡುತ್ತಾ ಹೇಗೋ ಗೋಷ್ಠಿ ಮುಗಿಸಿದರು. ‘ಎರಡು ಕಡೆ ಕಣ್ಣಿಟ್ಟರೆ ಅರ್ಥ ಬಾಯಿಗೆ ಬರುವುದಿಲ್ಲ’ ಎಂದರು. ಹೊಸದು ಕೊಡಿಸುತ್ತೇನೆ ಎಂದೆ. ‘ಕೆಟ್ಟಿಲ್ಲದ್ದನ್ನು ಯಾಕೆ ಬಿಸಾಡಬೇಕು ಪುಟ್ಟೀ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ವಾಪಸು ಟಿಕೆಟ್ ಸೆಪ್ಟೆಂಬರಿಗೆ ಅಲ್ಲವಾ? ಸ್ವಲ್ಪ ಮುಂಚೆ ಆಗುತ್ತದೆಯೇ ನೋಡು’ ಎಂದೂ ಸೇರಿಸಿದರು.

ಆ ಮಾತೇ ನನ್ನನ್ನು ರಿಪೇರಿಗೆ ಕೂರಿಸಿದ್ದು. ನಾನು ಇಂಜಿನಿಯರ್ ಅಲ್ಲ, ಲೆಕ್ಕಪತ್ರದವಳು. ಹತ್ತನೇ ತರಗತಿಯ ಮಗನನ್ನು ಜೊತೆಗಿಟ್ಟುಕೊಂಡು ನಾಲ್ಕು ಸಂಜೆ ಕುಳಿತೆ. ಒಂದು ತೊಡಕು ಬಿಡಿಸಿದರೆ ಅದರ ಹಿಂದೆ ಇನ್ನೊಂದು. ಒಂದೊಂದರ ಬಗ್ಗೆಯೂ ಓದುತ್ತಾ ಹೋದಾಗ ತಿಳಿದದ್ದು, ಇವು ಬರೀ ದೋಷಗಳಲ್ಲ, ಎಂದೋ ಯಾವುದೋ ಊರಿನಲ್ಲಿ ಯಾರೋ ಮಾಡಿದ ತೀರ್ಮಾನಗಳ ಗುರುತುಗಳು ಎಂದು. ಆ ಓದನ್ನು ಈ ವರ್ಷದ ಸಂಚಿಕೆಗೆ ಬರೆದುಕೊಡುತ್ತಿದ್ದೇನೆ.

ಮೊದಲ ಸಂಜೆ: ಅತಿಥಿಯಾಗಿ ಬಂದ ಕಾರ್ಡು

ವೈಫೈ ಸಿಗುತ್ತಿಲ್ಲ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ದೂರುಗಳಿರಬಹುದು. ಯಂತ್ರಕ್ಕೆ ತನ್ನ ರೇಡಿಯೋ ಕಾಣದಿರಬಹುದು. ರೇಡಿಯೋ ಕಂಡರೂ ಅದನ್ನು ನಡೆಸುವ ತಂತ್ರಾಂಶ ಇಲ್ಲದಿರಬಹುದು. ಎರಡೂ ಇದ್ದು ನಮ್ಮ ಮನೆಯ ಜಾಲ ಕಾಣದಿರಬಹುದು. ಜಾಲ ಕಂಡರೂ ಒಳಗೆ ಬಿಟ್ಟುಕೊಳ್ಳದಿರಬಹುದು. ಈ ನಾಲ್ಕರಲ್ಲಿ ಯಾವುದು ಎಂದು ತಿಳಿಯದೆ ರೌಟರನ್ನು ಆರಿಸಿ ಹಚ್ಚುತ್ತಾ ಕುಳಿತರೆ ಸಂಜೆ ಕಳೆಯುತ್ತದೆ ಅಷ್ಟೇ.

ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈಫೈಗೆಂದೇ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಚೀಲದೊಳಗೆ ಉಜ್ಜಿ ಅದು ತಾನಾಗಿ ಸರಿಯುವುದುಂಟು. ನೋಡಿದೆವು, ಸರಿಯಾಗಿಯೇ ಇತ್ತು. ಡಿವೈಸ್ ಮ್ಯಾನೇಜರ್ ತೆರೆದರೆ ಅಲ್ಲಿ ವೈಫೈ ಕಾರ್ಡಿನ ಹೆಸರೇ ಇಲ್ಲ. ಹೆಸರೇ ಇಲ್ಲವೆಂದರೆ ದೋಷ ತಂತ್ರಾಂಶದ್ದಲ್ಲ, ಕಾರ್ಡು ಸಡಿಲವಾಗಿರಬೇಕು ಇಲ್ಲವೇ ಸತ್ತಿರಬೇಕು. ಬ್ಯಾಟರಿ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿದೆವು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಹಸಿರು ಕಾರ್ಡು, ಒಂದು ಸ್ಕ್ರೂ, ಕಪ್ಪು ಮತ್ತು ಬಿಳಿಯ ಎರಡು ತೆಳು ತಂತಿಗಳು. ಆ ತಂತಿಗಳು ಕೀಲಿನ ಮೂಲಕ ಹಾದು ಪರದೆಯ ಸುತ್ತ ಹೋಗುತ್ತವೆ. ಆಂಟೆನಾ ಇರುವುದು ಪರದೆಯ ಅಂಚಿನಲ್ಲಿ. ಕಾರ್ಡು ಒಂದು ತುದಿಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ತೆಗೆದು, ಮತ್ತೆ ಒತ್ತಿ ಕೂರಿಸಿದೆವು. ಹೆಸರು ಬಂತು.

ಲ್ಯಾಪ್‌ಟಾಪಿನ ಇಷ್ಟು ಮುಖ್ಯವಾದ ಅಂಗ ಬಿಚ್ಚಿ ತೆಗೆಯುವಂತೆ ಯಾಕಿದೆ? ಅದು ಮೊದಲು ಬಂದದ್ದು ಅತಿಥಿಯಾಗಿ. ತೊಂಬತ್ತರ ದಶಕದ ಲ್ಯಾಪ್‌ಟಾಪಿಗೆ ರೇಡಿಯೋ ಬೇಕಿದ್ದವರು ಪಕ್ಕದ ಸೀಳಿನಲ್ಲಿ ದಪ್ಪ ಕಾರ್ಡೊಂದನ್ನು ತೂರಿಸಿಕೊಳ್ಳಬೇಕಿತ್ತು. ಅದು ಹೆಚ್ಚಾಗಿ ಉಗ್ರಾಣ, ದೊಡ್ಡ ಅಂಗಡಿಗಳವರ ವಸ್ತು. 1999ರ ಜುಲೈನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಬುಕ್ ಲ್ಯಾಪ್‌ಟಾಪನ್ನು ಎತ್ತಿಕೊಂಡು, ಅದರಲ್ಲಿ ಅಂತರ್ಜಾಲ ನಡೆಯುತ್ತಿರುವಾಗಲೇ ಅದನ್ನು ಒಂದು ಬಳೆಯೊಳಗೆ ತೂರಿಸಿ ತೋರಿಸಿದರು. ತಂತಿ ಎಲ್ಲೂ ಇಲ್ಲ ಎಂದು ಜನರಿಗೆ ನಂಬಿಸಲು ಜಾದೂಗಾರನ ಆಟವೇ ಬೇಕಾಯಿತು. ಅಲ್ಲಿಯೂ ಕಾರ್ಡು ಪ್ರತ್ಯೇಕ, ಬೆಲೆ 99 ಡಾಲರ್. 2003ರ ಮಾರ್ಚಿನಲ್ಲಿ ಇಂಟೆಲ್ ಕಂಪನಿ ಸೆಂಟ್ರಿನೊ ಎಂಬ ಹೆಸರಿನಲ್ಲಿ ಪ್ರೊಸೆಸರನ್ನೂ ವೈಫೈಯನ್ನೂ ಒಟ್ಟಿಗೆ ಮಾರತೊಡಗಿದ ಮೇಲೆ ಅತಿಥಿ ಮನೆಯವನಾದ. ಆದರೂ ಅವನ ಹಾಸಿಗೆ ಬೇರೆಯಾಗಿಯೇ ಉಳಿಯಿತು. ನಮಗೆ ಅದೇ ಅನುಕೂಲವಾಯಿತು.

ಎರಡನೇ ಸಂಜೆ: ಹವಾಯಿಯಿಂದ ಬಂದ ತಂತಿ

ಹೆಸರೇನೋ ಬಂತು, ಅದರ ಮೇಲೆ ಹಳದಿ ಗುರುತು. ಡ್ರೈವರ್ ಇಲ್ಲ ಎಂದರ್ಥ. ಹೊರಡುವ ಮುಂಚೆ ಅಪ್ಪ ಊರಿನ ಅಂಗಡಿಯೊಂದರಲ್ಲಿ ವಿಂಡೋಸ್ 10 ಹೊಸದಾಗಿ ಹಾಕಿಸಿಕೊಂಡಿದ್ದರು. ಹದಿಮೂರು ವರ್ಷ ಹಳೆಯ ಕಾರ್ಡಿನ ಡ್ರೈವರ್ ಅದರೊಳಗೆ ಇರಲಿಲ್ಲ. ಡ್ರೈವರ್ ಬೇಕಾದರೆ ಅಂತರ್ಜಾಲ ಬೇಕು, ಅಂತರ್ಜಾಲ ಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಅಪ್ಪನೇ ನಕ್ಕರು.

ಪರಿಹಾರ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇತ್ತು: ಈಥರ್ನೆಟ್ ತಂತಿಯ ಚೌಕದ ತೂತು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ, ಹಳೆಯದರಲ್ಲಿ ಇದೆ. ರೌಟರಿನಿಂದ ತಂತಿ ಎಳೆದು, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಗುರುತು ಸಂಖ್ಯೆ ಬರೆದುಕೊಂಡು, ಅದನ್ನು ತಯಾರಿಸಿದವರ ತಾಣದಿಂದಲೇ ಡ್ರೈವರ್ ಇಳಿಸಿಕೊಂಡೆವು. ತಂತಿ ಸಿಗದವರು ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿಯೂ ಈ ಕೆಲಸ ಮಾಡಬಹುದು.

ನಿಸ್ತಂತು ಜಾಲ ತಂತಿಜಾಲದ ಮುಂದಿನ ಹೆಜ್ಜೆ ಎಂದು ನಾನು ತಿಳಿದಿದ್ದೆ. ಇತಿಹಾಸ ನೋಡಿದರೆ ಕ್ರಮ ತಿರುಗುಮುರುಗು. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಬಳಗ 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೋ ಜಾಲವನ್ನು ಚಾಲೂ ಮಾಡಿದರು. ದ್ವೀಪಗಳ ನಡುವೆ ಸಮುದ್ರ, ಒಳ್ಳೆಯ ಟೆಲಿಫೋನ್ ತಂತಿ ಇಲ್ಲ, ವಿಶ್ವವಿದ್ಯಾಲಯದ ಗಣಕ ಇರುವುದು ಒಂದೇ ಕಡೆ. ಎಲ್ಲರೂ ಒಂದೇ ರೇಡಿಯೋ ದಾರಿಯಲ್ಲಿ ಮಾತಾಡಬೇಕು. ಸರದಿ ಹಂಚುವ ಯಜಮಾನ ಇಲ್ಲದೆ ಇದು ಹೇಗೆ ಸಾಧ್ಯ? ಅಬ್ರಾಮ್ಸನ್ ಉಪಾಯ ಸರಳ. ಹೇಳುವುದಿದ್ದರೆ ಹೇಳಿಬಿಡು. ತಲುಪಿತು ಎಂಬ ಮರುದನಿ ಬಾರದಿದ್ದರೆ ಇಬ್ಬರು ಒಟ್ಟಿಗೆ ಮಾತಾಡಿದ್ದೀರಿ ಎಂದು ತಿಳಿ. ಇಷ್ಟೇ ಎಂದು ಗೊತ್ತಿಲ್ಲದಷ್ಟು ಹೊತ್ತು ಕಾದು ಮತ್ತೆ ಹೇಳು. ಇಬ್ಬರೂ ಕಾಯುವ ಹೊತ್ತು ಬೇರೆ ಬೇರೆಯಾದ್ದರಿಂದ ಎರಡನೇ ಸಲ ಡಿಕ್ಕಿಯಾಗುವ ಸಂಭವ ಕಡಿಮೆ.

ರಾಬರ್ಟ್ ಮೆಟ್‌ಕಾಫ್ ಈ ಅಲೋಹಾ ಪದ್ಧತಿಯನ್ನು ಅಭ್ಯಾಸ ಮಾಡಿ, 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅದನ್ನು ಒಂದು ಕೇಬಲ್ಲಿನೊಳಗೆ ಇಳಿಸಿದರು. ಅದೇ ಈಥರ್ನೆಟ್. ಮುಂದೆ ವೈಫೈ ರೂಪಿಸಿದವರು ಇದೇ ತಾಳ್ಮೆಯ ನಿಯಮವನ್ನು ತಿದ್ದಿಕೊಂಡು ಮತ್ತೆ ಗಾಳಿಗೆ ತಂದರು. ಅಪ್ಪನ ಲ್ಯಾಪ್‌ಟಾಪಿಗೆ ಆ ಸಂಜೆ ಡ್ರೈವರ್ ತಂದುಕೊಟ್ಟ ತಂತಿ ಒಂದು ರೇಡಿಯೋ ಜಾಲದ ಸಂತಾನ.

ಮೂರನೇ ಸಂಜೆ: ಹದಿಮೂರನೆಯ ಮನೆ

ಹಳದಿ ಗುರುತು ಹೋಯಿತು. ಜಾಲಗಳ ಪಟ್ಟಿ ಬಂತು. ಪಕ್ಕದವರದು, ಎದುರಿನವರದು, ಬೀದಿ ಕೊನೆಯ ಕೆಫೆಯದು, ಒಟ್ಟು ಹನ್ನೊಂದು ಹೆಸರು. ನಮ್ಮದು ಮಾತ್ರ ಇಲ್ಲ! ಅದೇ ಮೇಜಿನ ಮೇಲಿದ್ದ ನನ್ನ ಫೋನಿಗೆ ನಮ್ಮ ಜಾಲ ಪೂರ್ತಿ ಬಲದಲ್ಲಿ ಸಿಗುತ್ತಿತ್ತು.

ಇದಕ್ಕೆ ಕಾರಣ ಎರಡು. ನಮ್ಮ ರೌಟರ್ ಎರಡು ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಅಪ್ಪನ ಕಾರ್ಡಿಗೆ 5 ಗೊತ್ತೇ ಇಲ್ಲ. ಹೋಗಲಿ, 2.4ರಲ್ಲಾದರೂ ಕಾಣಬೇಕಲ್ಲ? ಅಲ್ಲಿ 5 ಮೆಗಾಹರ್ಟ್ಸ್ ಅಂತರದಲ್ಲಿ ಚಾನೆಲ್ಲುಗಳಿವೆ. ಒಂದನೆಯದು 2412ರಲ್ಲಿ, ಹದಿಮೂರನೆಯದು 2472ರಲ್ಲಿ. ನಮ್ಮದು ಒತ್ತೊತ್ತಾದ ಮನೆಗಳ ಸಮುಚ್ಚಯ. ನೆರೆಯವರ ಗದ್ದಲ ತಪ್ಪಿಸಲು ಎರಡು ವರ್ಷದ ಹಿಂದೆ ನಾನೇ ನಮ್ಮ ರೌಟರನ್ನು ಯಾರೂ ಇಲ್ಲದ 13ಕ್ಕೆ ಸರಿಸಿದ್ದೆ. ಆಸ್ಟ್ರೇಲಿಯಾದಲ್ಲಿ 13 ನಡೆಯುತ್ತದೆ, ಭಾರತದಲ್ಲಿಯೂ ನಡೆಯುತ್ತದೆ. ಆದರೆ ಅಣ್ಣ ಲ್ಯಾಪ್‌ಟಾಪು ಕೊಂಡದ್ದು ಅಮೆರಿಕದಲ್ಲಿ. ಅಲ್ಲಿ 2483.5 ಮೆಗಾಹರ್ಟ್ಸಿನ ಆಚೆಗೆ ರೇಡಿಯೋ ಶಕ್ತಿ ಚೆಲ್ಲಬಾರದೆಂಬ ನಿಯಮ ಬಹಳ ಬಿಗಿ. ಅಂಚಿನ ತೊಂದರೆಯೇ ಬೇಡವೆಂದು ಅಲ್ಲಿನ ಉಪಕರಣಗಳನ್ನು ಸಾಮಾನ್ಯವಾಗಿ 11ಕ್ಕೇ ನಿಲ್ಲಿಸುತ್ತಾರೆ. ಆ ಕಾರ್ಡಿನ ಲೆಕ್ಕದಲ್ಲಿ ನಮ್ಮ ಮನೆ ಇರುವ ಬೀದಿಯೇ ಇಲ್ಲ.

ಈ ಪಟ್ಟಿ ಸಾರ್ವಜನಿಕರ ಕೈಗೆ ಬಂದ ಕಥೆಯನ್ನು ಇಲ್ಲಿ ಹೇಳಬೇಕು. ರೇಡಿಯೋ ಅಲೆ ಎಂದರೆ ಸರ್ಕಾರದ ಆಸ್ತಿ, ಬಳಸಲು ಲೈಸೆನ್ಸ್ ಬೇಕು ಎಂಬುದು ಎಲ್ಲ ದೇಶಗಳ ರೂಢಿ. ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇದ್ದವು. ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿದ್ದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ‘ನಿನ್ನಜ್ಜ ಆ ಪುಸ್ತಕವನ್ನು ಜಮೀನಿನ ಪತ್ರದ ಜೊತೆ ಇಡುತ್ತಿದ್ದರು’ ಎಂದು ಅಪ್ಪ ನೆನಪು ಮಾಡಿಕೊಂಡರು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಪ್ರಸಾರ ಶುರು ಮಾಡಿದ ನಾಡು ನಮ್ಮದು. ಆದರೂ ಮನೆಮನೆಯೂ ಒಂದು ಪ್ರಸಾರ ಕೇಂದ್ರವಾಗಬಹುದೆಂದು ಆಗ ಯಾರೂ ಊಹಿಸಿರಲಾರರು.

ಆ ಬಾಗಿಲು ಮೊದಲು ತೆರೆದದ್ದು ಅಮೆರಿಕದಲ್ಲಿ, 1985ರ ಮೇ ತಿಂಗಳಲ್ಲಿ. ಅಲ್ಲಿನ ಸಂಪರ್ಕ ನಿಯಂತ್ರಣ ಮಂಡಳಿಯಾದ ಎಫ್‌ಸಿಸಿಯ ಇಂಜಿನಿಯರ್ ಮೈಕೆಲ್ ಮಾರ್ಕಸ್ ಮುಂದಾಗಿ ನಿಂತು ಮಾಡಿಸಿದ ನಿಯಮದಂತೆ, ಮೂರು ಪಟ್ಟಿಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದಾಯಿತು. ಅವುಗಳಲ್ಲಿ ಒಂದು 2.4 ಗಿಗಾಹರ್ಟ್ಸ್. ಅದು ಯಾರಿಗೂ ಬೇಡವಾಗಿದ್ದ ಪಟ್ಟಿ. ಯಾಕೆಂದರೆ ಮೈಕ್ರೋವೇವ್ ಒಲೆಗಳು ಗದ್ದಲ ಮಾಡುವುದು ಅಲ್ಲೇ. 1947ರ ಅಂತರರಾಷ್ಟ್ರೀಯ ಒಪ್ಪಂದದಲ್ಲೇ 2450ರ ಸುತ್ತಲಿನ ಜಾಗವನ್ನು ಸಂಪರ್ಕಕ್ಕಲ್ಲದ ಇಂಥ ಕೆಲಸಗಳಿಗೆ ಬಿಟ್ಟುಕೊಟ್ಟಿದ್ದರು. ಊರ ಹೊರಗಿನ ಕಸದ ಬಯಲು ಮುಂದೆ ಊರಿನ ಸಂತೆಮಾಳವಾದಂತೆ ಆಯಿತು.

ನೆದರ್ಲ್ಯಾಂಡಿನ ನ್ಯೂವೆಗೈನ್ ಊರಿನಲ್ಲಿದ್ದ ಎನ್‌ಸಿಆರ್ ಕಂಪನಿಯ ಇಂಜಿನಿಯರುಗಳು ಅಂಗಡಿಯ ಕ್ಯಾಶ್ ರಿಜಿಸ್ಟರುಗಳನ್ನು ತಂತಿಯಿಲ್ಲದೆ ಜೋಡಿಸಲು ಈ ಬಯಲನ್ನೇ ಹಿಡಿದರು. ಅಲ್ಲಿಯವರೇ ಆದ ವಿಕ್ಟರ್ ಹೇಯ್ಸ್ ಅಧ್ಯಕ್ಷತೆಯಲ್ಲಿ 1990ರಲ್ಲಿ ಐಇಇಇ 802.11 ಸಮಿತಿ ಶುರುವಾಯಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತಾಡಲು ಒಪ್ಪುವ ನಿಯಮ ರೂಪಿಸುವುದು ಅದರ ಕೆಲಸ. ಏಳು ವರ್ಷದ ಚರ್ಚೆಯ ನಂತರ 1997ರಲ್ಲಿ ಮೊದಲ ಮಾನಕ ಹೊರಬಂತು. ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. ಭಾರತ 2.4 ಪಟ್ಟಿಗೆ ಲೈಸೆನ್ಸ್ ವಿನಾಯಿತಿ ಕೊಟ್ಟದ್ದು 2005ರ ಜನವರಿಯಲ್ಲಿ. ಇಂದು ಶಿವಮೊಗ್ಗದ ಮನೆಗಳಲ್ಲಿ ವೈಫೈ ಉರಿಯುವುದು ಆ ವಿನಾಯಿತಿಯ ಮೇಲೆ.

ನಾನು ರೌಟರಿನ 2.4 ಪಟ್ಟಿಯನ್ನು 13ರಿಂದ 6ಕ್ಕೆ ತಂದೆ. ನಮ್ಮ ಮನೆಯ ಹೆಸರು ಪಟ್ಟಿಯಲ್ಲಿ ಮೂಡಿತು.

ಗೋಡೆಗೆ ಬಡಿದು ಬರುವ ದನಿ

ಇಲ್ಲಿ ಮಗ ತಡೆದ. ‘ವೈಫೈ ಕಂಡುಹಿಡಿದದ್ದು ಆಸ್ಟ್ರೇಲಿಯಾದವರು. ಸ್ಕೂಲಲ್ಲಿ ಹೇಳಿದ್ದಾರೆ. ನೀನು ಹವಾಯಿ, ಹಾಲೆಂಡ್ ಅಂತಿದೀಯಲ್ಲ ಅಮ್ಮ?’ ಇಲ್ಲಿ ಬೆಳೆಯುವ ನಮ್ಮ ಮಕ್ಕಳೆಲ್ಲ ಈ ಮಾತು ಕೇಳಿರುತ್ತಾರೆ. ಅದು ಎಷ್ಟು ನಿಜ ಎಂದು ನೋಡುವುದು ಒಳ್ಳೆಯದು.

ಸಿಡ್ನಿಯ ಮಾರ್ಸ್‌ಫೀಲ್ಡ್‌ನಲ್ಲಿ ಸಿಎಸ್‌ಐಆರ್‌ಒ ಸಂಸ್ಥೆಯ ರೇಡಿಯೋ ಖಗೋಳ ಪ್ರಯೋಗಾಲಯವಿದೆ. ಅಲ್ಲಿನ ಜಾನ್ ಓ’ಸಲ್ಲಿವನ್ ಎಪ್ಪತ್ತರ ದಶಕದಲ್ಲಿ ನೆದರ್ಲ್ಯಾಂಡಿನಲ್ಲಿದ್ದಾಗ, ಸ್ಫೋಟಿಸುವ ಪುಟ್ಟ ಕಪ್ಪುಕುಳಿಗಳಿಂದ ರೇಡಿಯೋ ಮಿಡಿತ ಬರುತ್ತದೆಯೇ ಎಂದು ಸಂಗಡಿಗರೊಡನೆ ಹುಡುಕಿದರು. ಕಪ್ಪುಕುಳಿಗಳೂ ವಿಕಿರಣ ಸೂಸುತ್ತವೆ ಎಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ಹೇಳಿದ್ದರ ಮುಂದುವರಿಕೆ ಅದು. ಮಿಡಿತ ಸಿಗಲಿಲ್ಲ. ದೂರದಿಂದ ಬರುವಾಗ ಕದಡಿಹೋದ ಸಂಕೇತವನ್ನು ಮತ್ತೆ ಸ್ಪಷ್ಟ ಮಾಡುವ ಗಣಿತದ ಅಭ್ಯಾಸ ಉಳಿಯಿತು.

ತೊಂಬತ್ತರ ದಶಕದ ಆರಂಭದಲ್ಲಿ ಅವರೂ ನಾಲ್ವರು ಸಹೋದ್ಯೋಗಿಗಳೂ ಎತ್ತಿಕೊಂಡ ಸಮಸ್ಯೆ ಮನೆಯೊಳಗಿನದು. ಕೋಣೆಯಲ್ಲಿ ರೇಡಿಯೋ ಅಲೆ ಗೋಡೆ, ಬೀರು, ಫ್ರಿಜ್ಜುಗಳಿಗೆ ಬಡಿದು ಹಲವು ದಾರಿಗಳಿಂದ, ಹಿಂದೆಮುಂದೆಯಾಗಿ ತಲುಪುತ್ತದೆ. ದೊಡ್ಡ ಕಲ್ಯಾಣ ಮಂಟಪದಲ್ಲಿ ಮೈಕಿನ ಮಾತು ಮಾರ್ದನಿಯಲ್ಲಿ ಕಲಸಿಹೋಗುವಂತೆ. ರೇಡಿಯೋಗೆ ಲೋಹದ ಕಾಟ ಎಂಥದೆಂದು ನಮ್ಮ ಬೆಂಗಳೂರಿನವರಿಗೆ ಹೊಸದಲ್ಲ. 1981ರಲ್ಲಿ ಇಸ್ರೋದವರು ಆ್ಯಪಲ್ ಉಪಗ್ರಹವನ್ನು ಆಂಟೆನಾ ಪರೀಕ್ಷೆಗೆಂದು ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರ ಎಲ್ಲರೂ ನೋಡಿದ್ದೇವೆ. ಅದು ಬಡತನದ ಚಿತ್ರವಲ್ಲ. ಕಬ್ಬಿಣದ ವಾಹನ ಪರೀಕ್ಷೆಗೆ ಅಡ್ಡಿಯಾಗುತ್ತದೆ ಎಂದು ಮರದ ಗಾಡಿಯನ್ನು ಆರಿಸಿದ್ದು. ಆದರೆ ವಾಸದ ಮನೆಯನ್ನು ಮರದ ಗಾಡಿ ಮಾಡಲಾಗದು.

ಮಂಟಪದ ಮಾರ್ದನಿಯಲ್ಲಿ ಮಾತು ತಿಳಿಯಬೇಕಾದರೆ ನಿಧಾನವಾಗಿ ಮಾತಾಡಬೇಕು. ಆದರೆ ಬೇಕಾದದ್ದು ವೇಗ. ಸಿಎಸ್‌ಐಆರ್‌ಒ ತಂಡ ಎರಡನ್ನೂ ಕೂಡಿಸಿತು. ವೇಗದ ಒಂದು ಧಾರೆಯನ್ನು ಹಲವಾರು ನಿಧಾನದ ಧಾರೆಗಳಾಗಿ ಸೀಳಿ, ಒಂದೊಂದನ್ನು ಒಂದೊಂದು ಶ್ರುತಿಯಲ್ಲಿ ಒಟ್ಟಿಗೆ ಕಳಿಸುವುದು, ಜೊತೆಗೆ ಕಳೆದುಹೋದ ತುಣುಕುಗಳನ್ನು ಉಳಿದವುಗಳಿಂದ ತುಂಬಿಕೊಳ್ಳುವುದು. 1992ರಲ್ಲಿ ಆಸ್ಟ್ರೇಲಿಯಾದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1996ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಪಕ್ಕದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಡೇವಿಡ್ ಸ್ಕೆಲರ್ನ್ ಮತ್ತು ನೀಲ್ ವೆಸ್ಟ್ 1997ರಲ್ಲಿ ರೇಡಿಯಾಟ ಎಂಬ ಕಂಪನಿ ತೆರೆದು ಇಂಥ ಚಿಪ್ಪುಗಳನ್ನು ಮಾಡಿದರು. ಮುಂದೆ ಸಿಎಸ್‌ಐಆರ್‌ಒ ದೊಡ್ಡ ಕಂಪನಿಗಳ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ ದಾವೆ ಹೂಡಿತು. 2009 ಮತ್ತು 2012ರ ರಾಜಿಗಳ ನಂತರ ಅದಕ್ಕೆ ಬಂದ ಮೊತ್ತ ಒಟ್ಟು 43 ಕೋಟಿ ಆಸ್ಟ್ರೇಲಿಯನ್ ಡಾಲರುಗಳಿಗೂ ಹೆಚ್ಚು.

ಹಾಗಾದರೆ ಮಗನ ಮಾತು ನಿಜವೇ? ಅರ್ಧ ನಿಜ. 1997ರ ಮೊದಲ ಮಾನಕವಾಗಲಿ, 1999ರಲ್ಲಿ ಐಬುಕ್ಕಿನಲ್ಲಿ ಬಂದ 11 ಮೆಗಾಬಿಟ್ಟಿನ ‘ಬಿ’ ಮಾನಕವಾಗಲಿ ಈ ಉಪಾಯವನ್ನು ಬಳಸಿರಲಿಲ್ಲ. ಅದು ಬಂದದ್ದು 54 ಮೆಗಾಬಿಟ್ಟಿನ ‘ಎ’ ಮಾನಕದಲ್ಲಿ, ಆಮೇಲೆ 2003ರ ‘ಜಿ’ ಮಾನಕದಲ್ಲಿ. ಒಂದು ಧಾರೆಯನ್ನು ಹಲವು ಮಾಡುವ ಕಲ್ಪನೆಯೂ ಅರವತ್ತರ ದಶಕದಿಂದ ಇತ್ತು. ಮನೆಯೊಳಗಿನ ಮಾರ್ದನಿಗೆ ಅದನ್ನು ಸರಿಯಾಗಿ ಹೊಂದಿಸಿದ್ದು ಮಾರ್ಸ್‌ಫೀಲ್ಡಿನವರ ಹೆಚ್ಚುಗಾರಿಕೆ. ವೈಫೈಗೆ ಒಬ್ಬ ತಂದೆ ಇಲ್ಲ, ಒಂದು ಒಟ್ಟು ಕುಟುಂಬವಿದೆ. ಅಪ್ಪ ಮಲಗುವ ಹಿಂದಿನ ಕೋಣೆಯಲ್ಲೂ, ಎರಡು ಗೋಡೆ ದಾಟಿ, ಸಿಗ್ನಲ್ ಮಾತು ತಪ್ಪದೆ ತಲುಪುವುದು ಮಾತ್ರ ಆ ಪ್ರಯೋಗಾಲಯದ ಕಾಣಿಕೆಯಿಂದ. ಅದು ನಮ್ಮ ಮನೆಗೆ ದೂರವೇನಲ್ಲ.

ನಾಲ್ಕನೇ ಸಂಜೆ: ಬಾಗಿಲ ಚಿಲಕ

ಹೆಸರು ಕಂಡಿತು, ಪಾಸ್‌ವರ್ಡ್ ಹಾಕಿದೆವು, ಸೇರಲಾಗುತ್ತಿಲ್ಲ ಎಂಬ ಉತ್ತರ ಬಂತು. ಮೂರು ಸಲ ಹಾಕಿದರೂ ಅದೇ. ಪಾಸ್‌ವರ್ಡ್ ತಪ್ಪಿರಲಿಲ್ಲ, ಬೀಗದ ಜಾತಿ ಬೇರೆಯಾಗಿತ್ತು.

1997ರ ಮಾನಕದಲ್ಲಿದ್ದ ಬೀಗದ ಹೆಸರು ವೆಪ್. ತಂತಿಯಷ್ಟೇ ಗೌಪ್ಯತೆ ಎಂಬುದು ಆ ಹೆಸರಿನ ಆಶಯ. ಬಲವಾದ ಗೂಢಲಿಪಿಯನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ಆಗ ಬಿಡುತ್ತಿರಲಿಲ್ಲವಾದ್ದರಿಂದ ಅದರ ಕೀಲಿಯನ್ನು 40 ಬಿಟ್‌ಗೆ ಮೊಟಕು ಮಾಡಿದ್ದರು. ಕೀಲಿಯ ಉದ್ದಕ್ಕಿಂತ ದೊಡ್ಡ ದೋಷ ಬೀಗದ ರಚನೆಯಲ್ಲೇ ಇತ್ತು. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಅದರ ಬಿರುಕನ್ನು ತೋರಿಸಿಕೊಟ್ಟರು. ಗಾಳಿಯಲ್ಲಿ ಹರಿಯುವ ಪೊಟ್ಟಣಗಳನ್ನು ಸಾಕಷ್ಟು ಕೂಡಿಸಿಕೊಂಡರೆ ಕೀಲಿಯನ್ನೇ ಲೆಕ್ಕ ಹಾಕಬಹುದಾಗಿತ್ತು. ಅವಸರದಲ್ಲಿ 2003ಕ್ಕೆ ಡಬ್ಲ್ಯೂಪಿಎ ಬಂತು, 2004ಕ್ಕೆ ಗಟ್ಟಿಯಾದ ಡಬ್ಲ್ಯೂಪಿಎ2. 2006ರಿಂದ ವೈಫೈ ಮುದ್ರೆ ಬೇಕಾದ ಉಪಕರಣಗಳಲ್ಲಿ ಎರಡನೆಯದು ಕಡ್ಡಾಯವಾಯಿತು. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮಾಥಿ ವಾನ್‌ಹೂಫ್ ಅದರಲ್ಲೂ ಒಂದು ಸಂದು ತೋರಿಸಿದರು. ತಂತ್ರಾಂಶ ತಿದ್ದುಪಡಿಯಿಂದ ಅದನ್ನು ಮುಚ್ಚಿದರು. 2018ರಲ್ಲಿ ಡಬ್ಲ್ಯೂಪಿಎ3 ಬಂತು.

ನಮ್ಮ ಮನೆಯ ರೌಟರನ್ನು ಹೋದ ವರ್ಷ ನಾನೇ ‘ಡಬ್ಲ್ಯೂಪಿಎ3 ಮಾತ್ರ’ ಎಂದು ಬಿಗಿ ಮಾಡಿದ್ದೆ. ಹೊಸದು ಒಳ್ಳೆಯದು ಎಂದು ಓದಿದ್ದೆ, ಅದು ಸರಿಯೂ ಹೌದು. 2012ರ ಯಂತ್ರಕ್ಕೆ ಗೊತ್ತಿರುವುದು ಎರಡನೆಯ ಬೀಗ. ಹಾಗೆಂದು ಇಡೀ ಮನೆಯ ಬೀಗ ಸಡಿಲಿಸುವುದು ಸರಿಯಲ್ಲ. ಅದರಲ್ಲೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿಗೆ ಸಾಮಾನ್ಯ ಬೆಂಬಲ ಮುಗಿಯುತ್ತದೆ ಎಂದು ತಯಾರಕರು ಸಾರಿದ್ದರು. ಅದಕ್ಕೆ ರೌಟರಿನಲ್ಲಿರುವ ಅತಿಥಿ ಜಾಲವನ್ನು ತೆರೆದೆ. 2.4 ಪಟ್ಟಿ, ಡಬ್ಲ್ಯೂಪಿಎ2, ಉದ್ದನೆಯ ಪಾಸ್‌ವರ್ಡ್. ಅಲ್ಲಿಂದ ಅಂತರ್ಜಾಲಕ್ಕೆ ಹೋಗಬಹುದು, ಮನೆಯ ಇತರ ಗಣಕಗಳೊಳಗೆ ಇಣುಕಲಾಗದು. ಜಾಲಕ್ಕೆ ‘ಜಗಲಿ’ ಎಂದು ಹೆಸರಿಟ್ಟದ್ದು ಅಪ್ಪ. ಲ್ಯಾಪ್‌ಟಾಪು ಸೇರಿಕೊಂಡಿತು.

ಸಂಘದ ಬಂಧುಗಳ ಮನೆಗಳಲ್ಲೂ ಊರಿನಿಂದ ಬಂದ ಇಂಥ ಯಂತ್ರಗಳಿರುತ್ತವೆ. ಆದ್ದರಿಂದ ಕ್ರಮವನ್ನು ಒಟ್ಟಾಗಿ ಹೇಳಿಬಿಡುತ್ತೇನೆ. ಮೊದಲು ಅಂಚಿನ ಸ್ವಿಚ್ಚು, ಏರೋಪ್ಲೇನ್ ಮೋಡ್ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಕಾರ್ಡನ್ನು ತೆಗೆದು ಕೂರಿಸಿ. ಹೆಸರಿದ್ದು ಹಳದಿ ಗುರುತಿದ್ದರೆ ತಂತಿ ಜೋಡಿಸಿ ಡ್ರೈವರ್ ತನ್ನಿ. ನೆರೆಯವರ ಜಾಲ ಕಂಡು ನಿಮ್ಮದು ಕಾಣದಿದ್ದರೆ ರೌಟರಿನ ಪಟ್ಟಿ ಮತ್ತು ಚಾನೆಲ್ ನೋಡಿ. ಕಂಡೂ ಸೇರಲಾಗದಿದ್ದರೆ ಬೀಗದ ಬಗೆ ನೋಡಿ. ಇಷ್ಟಾದ ಮೇಲೂ ಆಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಕಡ್ಡಿ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ.

ನಿಧಾನದ ಮಾತು

ಲೆಕ್ಕ ನೋಡಿದರೆ, ನಾಲ್ಕು ತೊಡಕುಗಳಲ್ಲಿ ಕೊನೆಯ ಎರಡು ಅಪ್ಪನ ಲ್ಯಾಪ್‌ಟಾಪಿನ ದೋಷವೇ ಅಲ್ಲ. ಅದು 2012ರಲ್ಲಿ ತನಗೆ ಕಲಿಸಿದ್ದನ್ನು ಹಾಗೆಯೇ ಪಾಲಿಸುತ್ತಿತ್ತು. ಚಾನೆಲ್ ಸರಿಸಿದ್ದು, ಬೀಗ ಬದಲಿಸಿದ್ದು ನಾನು. ಮನೆಗೆ ಬರುವವರು ಯಾರು ಎಂದು ಯೋಚಿಸದೆ ಬಾಗಿಲು ಬದಲಿಸಿದ್ದೆ.

ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಪ್ರತಿ ರೌಟರೂ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಿರುತ್ತದೆ. ಸೆಕೆಂಡಿಗೆ ನೂರಾರು ಮೆಗಾಬಿಟ್ ಸಾಗಿಸಬಲ್ಲ ಇಂದಿನ ರೌಟರು ಕೂಡ, ನಾವು ಬದಲಿಸದಿದ್ದರೆ, 2.4 ಪಟ್ಟಿಯಲ್ಲಿ ಈ ಹೆಸರನ್ನು ಸಾಮಾನ್ಯವಾಗಿ ಸಾರುವುದು 1 ಮೆಗಾಬಿಟ್ ವೇಗದಲ್ಲಿ. ಅದು 1997ರ ಮೊದಲ ಮಾನಕದ ಅತಿ ನಿಧಾನದ ನಡಿಗೆ. ಎಷ್ಟೇ ಹಳೆಯ ಯಂತ್ರವಾದರೂ ಕರೆಯಾದರೂ ಕೇಳಲಿ ಎಂದು. ಇದಕ್ಕೆ ಬೆಲೆಯಿದೆ. ನಿಧಾನದ ಮಾತು ಎಲ್ಲರ ಗಾಳಿಯ ಹೊತ್ತನ್ನು ತಿನ್ನುತ್ತದೆ. ದೊಡ್ಡ ಕಚೇರಿಗಳಲ್ಲಿ ಈ ಹಳೆಯ ವೇಗಗಳನ್ನು ನಿಲ್ಲಿಸಿಬಿಡುವುದೂ ಉಂಟು, ಅಲ್ಲಿ ಅದು ತಪ್ಪಲ್ಲ. ಮನೆ ಕಚೇರಿಯಲ್ಲ ಎಂಬುದು ನನ್ನ ಎಣಿಕೆ. ಹಿರಿಯರಿರುವ ಮನೆಯಲ್ಲಿ ಒಂದು ಜಗಲಿ ಇರಲಿ.

ಮುಂದಿನ ಭಾನುವಾರ ಮಧ್ಯಾಹ್ನ ಎರಡೂಕಾಲಕ್ಕೇ ಅಪ್ಪ ಶಲ್ಯ ಹೊದ್ದು ಕುಳಿತರು. ಪರದೆಯ ಒಂದು ಬದಿಗೆ ಟಿಪ್ಪಣಿ, ಇನ್ನೊಂದು ಬದಿಗೆ ಏಳು ಮುಖಗಳು. ವಾಚನ ಶುರುವಾಯಿತು. ಒಂದೂವರೆ ಗಂಟೆ ನಾವು ಯಾರೂ ಆ ಕೋಣೆಗೆ ಹೋಗಲಿಲ್ಲ. ಮಗ ಮಾತ್ರ ಬಾಗಿಲ ಹೊರಗೆ ಕುಳಿತಿದ್ದ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಸಂಜೆ ಕಾಫಿ ಕೊಡುತ್ತಾ, ‘ಟಿಕೆಟ್ಟು ಮುಂಚೆ ಮಾಡಿಸುವುದು ವಿಚಾರಿಸಲಾ ಅಪ್ಪ?’ ಎಂದು ಕೇಳಿದೆ.

‘ಈಗ ಬೇಡ’ ಎಂದರು. ‘ದ್ರೋಣಪರ್ವ ಮುಗಿಯುವುದರಲ್ಲಿದೆ. ಕರ್ಣಪರ್ವವೂ ಇಲ್ಲಿಂದಲೇ ಆಗಲಿ. ಆಮೇಲೆ ನೋಡೋಣ.’